ಬಲಮೂಲೆಯ ಸರ್ಚ್ ಬಾಕ್ಸ್

ಸಾಫ್ಟ್‌ವೇರ್ ಕೆಲಸವೆಂದರೆ ದಿನವಿಡೀ ಏನನ್ನೋ ಬರೆಯುತ್ತಾ ಕೂರುವುದು ಎಂದು ಹೊರಗಿನವರು ತಿಳಿದುಕೊಂಡಿರುತ್ತಾರೆ. ಬರೆಯುವುದು ಕಡಿಮೆ, ಹುಡುಕುವುದೇ ಹೆಚ್ಚು. ಯಾರೋ ಎಂದೋ ಬರೆದಿಟ್ಟು ಹೋದ ಸಾವಿರಾರು ಸಾಲುಗಳ ನಡುವೆ ಒಂದು ಹೆಸರು ಎಲ್ಲೆಲ್ಲಿ ಬಂದಿದೆ ಎಂದು ನೋಡಬೇಕು, ಅದನ್ನು ಮುಟ್ಟಿದರೆ ಇನ್ನೆಲ್ಲಿ ಏನು ಕೆಡುತ್ತದೆ ಎಂದು ನೋಡಬೇಕು, ಆಮೇಲೆ ಒಂದು ಸಾಲು ತಿದ್ದಬೇಕು. ಅರಸೀಕೆರೆಯ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ನಾನು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಕಂಪನಿ ಬೆಂಗಳೂರಿನದು. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮೊದಲೇ ಹೇಳಿ ಸೇರಿದ್ದೆ. ಊರಿನ ಮೇಲಿನ ಪ್ರೀತಿಯಿಂದ ಎಂದು ಅವರು ಭಾವಿಸಿದ್ದರು, ನಾನೂ ಹಾಗೇ ಬಿಟ್ಟಿದ್ದೆ.

ನಿಜವಾದ ಕಾರಣ ನನ್ನ ಕಣ್ಣು. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಸೂಜಿಗೆ ದಾರ ಪೋಣಿಸುತ್ತೇನೆ. ಅಕ್ಕಪಕ್ಕದ್ದು ಕಾಣುವುದಿಲ್ಲ. ಮುಚ್ಚಿದ ಬಾಗಿಲಿನ ಕೀಲಿ ಕಿಂಡಿಯಲ್ಲಿ ಇಣುಕಿದರೆ ಒಳಗಿನದು ಎಷ್ಟು ಕಾಣುತ್ತದೋ ಅಷ್ಟು ಮಾತ್ರ, ಮತ್ತು ಆ ಕಿಂಡಿ ಬರಬರುತ್ತಾ ಸಣ್ಣದಾಗುತ್ತಿದೆ. ಸಂಜೆಯಾದರೆ ಅದೂ ಇಲ್ಲ. ಹಾಸನದ ಕಣ್ಣಿನ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, "ನಿಮ್ಮ ತಂದೆ ತಾಯಿಯದು ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರು. ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಡಾಕ್ಟರ ಎದುರು ಬಾಯಿ ಬಿಡದವಳು, "ಕಣ್ ನೋಡೋಕೆ ಕೂತೋನಿಗೆ ಮನೆ ವಿಷ್ಯ ಯಾಕ್ ಬೇಕು?" ಎಂದು ಬಸ್ ಸ್ಟ್ಯಾಂಡಿನವರೆಗೂ ಬೈದಳು. ಇದಕ್ಕೆ ಔಷಧಿಯಿಲ್ಲ, ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ತಂಗಿಯನ್ನೂ ಕರೆಸಿ ಪರೀಕ್ಷೆ ಮಾಡಿದರು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಆಸ್ಪತ್ರೆಯಿಂದ ನಾವು ತಂದ ಒಳ್ಳೆಯ ಸುದ್ದಿ ಅದೊಂದೇ.

ಅಮ್ಮನನ್ನು ಸುಮ್ಮನೆ ದೂರಲಾರೆ. ಅಪ್ಪನಿಗೂ ಇದೇ ಇತ್ತೆಂದು ಈಗ ತಿಳಿಯುತ್ತದೆ. ಗಂಡಸಿ ಊರಿನ ಕಡೆ ಇದ್ದ ನಮ್ಮ ತೆಂಗಿನ ತೋಟದಿಂದ ಮುಸ್ಸಂಜೆಯಲ್ಲಿ ಬರುವಾಗ ಬೇಲಿಗೆ ತಾಗಿ, ಚರಂಡಿಗೆ ಬಿದ್ದು, ಮೈ ತರಚಿಕೊಂಡು ಬರುತ್ತಿದ್ದ. ಊರು ಅವನನ್ನು ಕುಡುಕ ಅಂದಿತು. ಒಂದು ಹನಿ ಮುಟ್ಟದ ಮನುಷ್ಯ ಕುಡುಕನೆಂಬ ಹೆಸರು ಹೊತ್ತೇ ತೀರಿಕೊಂಡ. ಅಮ್ಮ ಬಾಯಿ ಬಿಡಲಿಲ್ಲ. ಅಪ್ಪ ಕುಡಿಯುತ್ತಿದ್ದ ಎಂದರೆ ಹೆಣ್ಣುಮಕ್ಕಳಿಗೆ ಗಂಡು ಸಿಗುತ್ತದೆ, ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದರೆ ಸಿಗುವುದಿಲ್ಲ, ಇದು ಅವಳ ಲೆಕ್ಕ. ಈ ಲೆಕ್ಕ ತಪ್ಪೆಂದು ಎದೆ ತಟ್ಟಿ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.

ನಾನು ಮೊದಲು ಒಂದು ಹಳೆಯ ಎಡಿಟರ್ ಬಳಸುತ್ತಿದ್ದೆ. ಎಡಿಟರ್ ಎಂದರೆ ಕೋಡ್ ಬರೆಯುವ, ಹುಡುಕುವ, ತಿದ್ದುವ ತಂತ್ರಾಂಶ. ಬಡಗಿಗೆ ಉಳಿ ಇದ್ದ ಹಾಗೆ ನಮಗೆ ಅದು. ನನ್ನ ಕಣ್ಣಿಗೆ ಹೊಂದುವಂತೆ ಅದನ್ನು ತಿರುಚಿ ಮುರುಚಿ ಇಟ್ಟುಕೊಂಡಿದ್ದೆ. ಒಂದು ದಿನ ಕಂಪನಿಯಿಂದ ಆಜ್ಞೆ ಬಂತು: ಭದ್ರತೆಯ ದೃಷ್ಟಿಯಿಂದ ಇನ್ನು ಮುಂದೆ ಎಲ್ಲರೂ ಒಂದೇ ಎಡಿಟರ್ ಬಳಸಬೇಕು, ಅದೂ ಬಿಡುಗಡೆಯಾದದ್ದನ್ನು ಹಾಗೆಯೇ, ಸ್ವಂತ ತಿದ್ದುಪಡಿ ಮಾಡಿದ್ದನ್ನು ಆಫೀಸಿನ ಲ್ಯಾಪ್‌ಟಾಪಿಗೆ ಹಾಕುವಂತಿಲ್ಲ.

ಆ ಹೊಸ ಎಡಿಟರಿನಲ್ಲಿ ಹುಡುಕಲು ಕೀ ಒತ್ತಿದರೆ ಸರ್ಚ್ ಬಾಕ್ಸ್ ಪರದೆಯ ಮೇಲ್ಗಡೆ ಬಲಮೂಲೆಯಲ್ಲಿ ತೆರೆದುಕೊಳ್ಳುತ್ತಿತ್ತು. ಸಣ್ಣದು, ಮಾಸಲು ಬಣ್ಣದ್ದು. ಅದರಲ್ಲಿ ಪದ ಬರೆದರೆ, ಸಿಕ್ಕ ಜಾಗ ಪರದೆಯ ಇನ್ನೆಲ್ಲೋ ತೆಳು ಹಳದಿಯಾಗುತ್ತಿತ್ತು, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕಣ್ಣು ಚೆನ್ನಾಗಿರುವವರಿಗೆ ಇದು ವಿಷಯವೇ ಅಲ್ಲ, ಹಳದಿ ತಾನಾಗಿ ಕಣ್ಣಿಗೆ ಬೀಳುತ್ತದೆ. ನನಗೆ ಏನೂ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಕೀ ಒತ್ತಿ, ಬಾಕ್ಸ್ ಎಲ್ಲಿ ಬಂತೆಂದು ಮೂಲೆಗೆ ಹೋಗಿ, ಪದ ಬರೆದು, ಮತ್ತೆ ಆ ತೆಳು ಹಳದಿಗಾಗಿ ಪರದೆಯನ್ನು ಸಾಲು ಸಾಲಾಗಿ ಉಳಬೇಕು. ಅದು ಸಿಗುವಷ್ಟರಲ್ಲಿ ಯಾಕೆ ಹುಡುಕುತ್ತಿದ್ದೆ ಎನ್ನುವುದೇ ಮರೆತಿರುತ್ತಿತ್ತು. ಹೀಗೆ ದಿನವಿಡೀ. ಎಷ್ಟೋ ಸಲ ಮೇಜಿನ ಮೇಲೆ ತಲೆಯಿಟ್ಟು ಅತ್ತಿದ್ದೇನೆ, ದುಃಖಕ್ಕಲ್ಲ, ಸಿಟ್ಟಿಗೆ.

ಈ ಎಡಿಟರನ್ನು ಯಾರೋ ಒಬ್ಬರು ಮಾರುವುದಿಲ್ಲ. ಲೋಕದ ನಾನಾ ಕಡೆಯವರು ಸೇರಿ ಮಾಡುತ್ತಾರೆ, ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಸುಧಾರಣೆ ಬರೆದು ಕಳಿಸಬಹುದು. ಮೇಲ್ವಿಚಾರಕರು ನೋಡಿ ಒಪ್ಪಿದರೆ ಮುಂದಿನ ಬಿಡುಗಡೆಯಲ್ಲಿ ಎಲ್ಲರ ಮನೆಗೂ ಹೋಗುತ್ತದೆ, ನಮ್ಮ ಆಫೀಸಿಗೂ ಬರುತ್ತದೆ. ನನಗೆ ಉಳಿದ ದಾರಿ ಅದೊಂದೇ. ರಜಾ ದಿನಗಳಲ್ಲಿ ಕೂತು ಬರೆದೆ. ಬೇಕೆಂದವರಿಗೆ ಸರ್ಚ್ ಬಾಕ್ಸ್ ಮೂಲೆಯಲ್ಲಲ್ಲ, ಅವರು ಓದುತ್ತಿರುವ ಸಾಲಿನ ಕೆಳಗೇ ತೆರೆದುಕೊಳ್ಳಬೇಕು. ಸಿಕ್ಕ ಸಾಲು ಪ್ರತಿಸಲವೂ ತಾನೇ ಸರಿದು ಅದೇ ಜಾಗಕ್ಕೆ ಬಂದು ನಿಲ್ಲಬೇಕು, ಕಣ್ಣು ಅಲೆಯಬಾರದು. ಹಳದಿ ದಟ್ಟವಾಗಿರಬೇಕು. ಇಷ್ಟೇ.

ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಅದು ಮೊದಲ ಸಲ ಓಡಿದ್ದು ಇವತ್ತೂ ನೆನಪಿದೆ. ಕೀ ಒತ್ತಿದೆ, ಬಾಕ್ಸ್ ಕಣ್ಣಿನ ಕೆಳಗೇ ಬಂತು. ಪದ ಬರೆದೆ, ಸಾಲು ತಾನೇ ನನ್ನ ಬಳಿ ಬಂತು. ಇನ್ನೊಂದು, ಮತ್ತೊಂದು. ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ನೋಡಿ ನಕ್ಕಳು. ಸೌತೆಕಾಯಿ ಹೆಚ್ಚುತ್ತಿದ್ದ ಕೈಯಲ್ಲೇ ನನ್ನ ಕೆನ್ನೆ ಸವರಿದಳು.

ಕಳಿಸಿದೆ, ನನ್ನ ಹೆಸರಿನಲ್ಲೇ. ಅಲ್ಲಿ ಎಲ್ಲವೂ ಬಹಿರಂಗ, ಯಾರು ಬೇಕಾದರೂ ಓದಬಹುದು, ಮಾತು ಸೇರಿಸಬಹುದು. ಚರ್ಚೆ ಶುರುವಾಯಿತು. ಚೆನ್ನಾಗಿದೆ ಎಂದವರಿದ್ದರು. ಆದರೆ ಬಾಕ್ಸ್ ಓದುವ ಸಾಲುಗಳ ನಡುವೆ ಬಂದು ಕೂರುವುದು ಕಿರಿಕಿರಿ, ಮೂಲೆಯಲ್ಲಿದ್ದರೆ ಅಚ್ಚುಕಟ್ಟು, ಎಲ್ಲರಿಗೂ ಅದೇ ರೂಢಿ, ಇನ್ನೊಂದು ಬಗೆ ಸೇರಿಸಿದರೆ ನೋಡಿಕೊಳ್ಳುವವರಿಗೆ ಹೊರೆ ಎಂದವರೇ ಹೆಚ್ಚು. ನಾನು "ಹೀಗಿದ್ದರೆ ಅನುಕೂಲ", "ಹೀಗಿದ್ದರೆ ಚೆಂದ" ಎಂದು ವಾದಿಸಿದೆ. ಅನುಕೂಲ, ಚೆಂದ! ಮುಳುಗುತ್ತಿರುವವಳು ನೀರು ಸ್ವಲ್ಪ ತಣ್ಣಗಿದೆ ಎಂದ ಹಾಗೆ.

ಅದೇ ಹೊತ್ತಿಗೆ ತಂಗಿಗೆ ಬೇಲೂರಿನಿಂದ ಸಂಬಂಧ ಬಂತು. ಒಳ್ಳೆಯ ಮನೆ. ಹುಡುಗನೂ ನಮ್ಮದೇ ಕೆಲಸದವನು, ನನ್ನ ಹಾಗೆ ಮನೆಯಲ್ಲೇ ಕೂತು ದುಡಿಯುವವನು. ಹೆಣ್ಣು ನೋಡಲು ಅವನೂ ಅವನ ತಾಯಿಯೂ ಅರಸೀಕೆರೆಗೆ ಬಂದರು. ತಂಗಿ ಕೂತಿದ್ದಳು, ಎರಡನೇ ಸುತ್ತಿನ ಕಾಫಿಯ ತಟ್ಟೆ ಹಿಡಿದು ನಾನು ಬಂದೆ. ಹುಡುಗನ ತಾಯಿ ಪಕ್ಕದಿಂದ ಕೈ ಚಾಚಿದ್ದರಂತೆ, ನಾನು ನೋಡದೆ ಮುಂದೆ ಹೋಗಿಬಿಟ್ಟೆ. "ಇವಳಿಗೆ ಯಾವಾಗ್ಲೂ ಆಫೀಸಿಂದೇ ಗ್ಯಾನ ಕಣ್ರೀ," ಎಂದು ಅಮ್ಮ ನಕ್ಕಳು. ದೊಡ್ಡವಳಿಗೆ ಯಾಕೆ ಇನ್ನೂ ಮಾಡಿಲ್ಲ ಎಂದು ಅವರು ಕೇಳಿದರು. ಅದಕ್ಕೂ ಅವಳ ಬಳಿ ಉತ್ತರ ತಯಾರಿತ್ತು. "ಅವಳು ಕಂಪ್ಯೂಟರ್‌ನೇ ಕಟ್ಕೊಂಡವ್ಳೆ, ಇನ್ನೊಂದು ಗಂಡು ಬ್ಯಾಡ್ವಂತೆ." ಎಲ್ಲರೂ ನಕ್ಕರು. ನಾನೂ ನಕ್ಕೆ, ಹುಡುಗ ನಕ್ಕನೋ ಇಲ್ಲವೋ ನನಗೆ ಕಾಣಲಿಲ್ಲ.

ಹುಡುಗಿ ಒಪ್ಪಿಗೆ ಎಂದು ಅವರು ಹೇಳಿ ಕಳಿಸಿದ ವಾರವೇ ಎಡಿಟರಿನ ಹಿರಿಯ ಮೇಲ್ವಿಚಾರಕರೊಬ್ಬರು ಚರ್ಚೆಗೆ ಬಂದರು. ಅವರು ಬರೆದದ್ದರ ಸಾರ ಇದು: ಕೇವಲ ಅನುಕೂಲದ ಮಾತಾದರೆ ಇದನ್ನು ಸೇರಿಸುವುದು ಕಷ್ಟ. ಆದರೆ ಈಗಿನ ವ್ಯವಸ್ಥೆಯಿಂದ ಕೆಲಸ ಮಾಡಲಿಕ್ಕೇ ಆಗದವರು ಯಾರಾದರೂ ಇದ್ದರೆ, ನೀವಾಗಲಿ, ನಿಮಗೆ ಗೊತ್ತಿರುವ ಬೇರೆ ಯಾರೇ ಆಗಲಿ, ದಯವಿಟ್ಟು ಹೇಳಿ. ಒಬ್ಬರು ಸಾಕು. ಆಗ ನಾವು ಇದನ್ನು ಬೇರೆ ರೀತಿ ನೋಡುತ್ತೇವೆ.

ಒಬ್ಬರು ಸಾಕು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ದೂರದಲ್ಲಿ ಕೂತ ಒಬ್ಬ ಅಪರಿಚಿತ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ, ನಾನು ಒಳಗೆ ಕಾಲಿಟ್ಟರೆ ಮುಗಿಯಿತು. ಉತ್ತರ ಬರೆಯಲು ಶುರುಮಾಡಿದೆ. ನನಗೆ ಅಕ್ಕಪಕ್ಕ ಕಾಣುವುದಿಲ್ಲ, ಇದು ಹುಟ್ಟಿನಿಂದ ಬಂದ ಕಾಯಿಲೆ, ಎಂದು ಬರೆಯುತ್ತಿದ್ದಾಗ ಪಕ್ಕದಲ್ಲೇ ಅಮ್ಮನ ದನಿ ಕೇಳಿಸಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಇಂಗ್ಲಿಷ್ ಓದಲಾರಳು. ತಂಗಿ ಓದಿ ಹೇಳಿರಬೇಕು.

"ಬರೀಬ್ಯಾಡ ಕಣೇ," ಅಂದಳು.

"ಅಮ್ಮ, ಇದು ನನ್ನ ಕೆಲಸದ ವಿಷಯ."

"ಆ ಹುಡುಗಂದೂ ಅದೇ ಕೆಲ್ಸ ಅಲ್ವಾ? ನಿನ್ ಹೆಸರು ಹಾಕಿ ನೋಡಿದ್ರೆ ನೀನ್ ಬರ್ದಿದ್ದೆಲ್ಲಾ ಬತ್ತದಂತೆ. ಅಕ್ಕಂಗೆ ಐತೆ, ಅಂದ್ರೆ ತಂಗಿಗೂ ಐತೆ, ನಾಳೆ ಹುಟ್ಟೋ ಮಗೂಗೂ ಬತ್ತದೆ ಅಂತಾರೆ. ಡಾಕ್ಟ್ರು ಚೀಟಿ ತೋರ್ಸಿದ್ರೆ ಯಾರ್ ನಂಬ್ತಾರೆ?"

"ನನ್ನ ಕೆಲಸ ಹೋಗುತ್ತೆ ಅಮ್ಮ."

"ಮದ್ವೆ ಆಗೋಗಂಟ ತಡ್ಕೋ ನನ್ನವ್ವ. ತಾಳಿ ಒಂದ್ ಬೀಳ್ಲಿ. ಆಮೇಲೆ ಊರಿಗೆಲ್ಲಾ ಡಂಗೂರ ಹೊಡಿ, ನಾನ್ ಯಾಕೆ ಅನ್ನಲ್ಲ."

ತಂಗಿ ಬಾಗಿಲ ಹತ್ತಿರ ನಿಂತಿದ್ದಳೆಂದು ತೋರುತ್ತದೆ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸಿಟ್ಟು ಮಾಡಿಕೊಂಡು ಬರೆದುಬಿಡುತ್ತಿದ್ದೆನೇನೋ. ಅವಳಿಗೆ ಹುಡುಗ ಇಷ್ಟವಾಗಿದ್ದ. ಆ ವಾರವಿಡೀ ಅವಳು ಮನೆಯಲ್ಲಿ ಓಡಾಡುತ್ತಿದ್ದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ನಾನು ಬರೆದದ್ದನ್ನು ಅಳಿಸಿದೆ. ಅದರ ಜಾಗದಲ್ಲಿ ಬರೆದೆ: ಇಲ್ಲ, ಅಂಥವರು ಯಾರೂ ನನಗೆ ಗೊತ್ತಿಲ್ಲ, ಹೀಗಿದ್ದರೆ ಅನುಕೂಲ ಅನ್ನಿಸಿತು ಅಷ್ಟೇ. ಮೇಲ್ವಿಚಾರಕರು ಮರುದಿನವೇ ನನ್ನ ಶ್ರಮವನ್ನು ಹೊಗಳಿ, ಧನ್ಯವಾದ ಹೇಳಿ, ಪ್ರಸ್ತಾಪವನ್ನು ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಮರ್ಯಾದೆಯಿಂದ ಮುಚ್ಚಿದ ಬಾಗಿಲನ್ನು ಬಡಿಯುವುದಕ್ಕೂ ಬರುವುದಿಲ್ಲ.

ಆಮೇಲಿನದು ಬೇಗ ನಡೆಯಿತು. ಕೆಲಸದಲ್ಲಿ ಹಿಂದೆ ಬಿದ್ದೆ. ಬೇರೆಯವರು ಮಧ್ಯಾಹ್ನದೊಳಗೆ ಮುಗಿಸುವುದು ನನಗೆ ಎರಡು ದಿನ ಹಿಡಿಯುತ್ತಿತ್ತು. ಪರದೆಯ ಅಂಚಿನಲ್ಲಿ ಬಂದ ಎಚ್ಚರಿಕೆ ಕಾಣದೆ ತಪ್ಪು ಕೋಡ್ ಕಳಿಸಿದೆ, ಒಂದಲ್ಲ, ಹಲವು ಸಲ. ವಿಡಿಯೋ ಮೀಟಿಂಗಿನಲ್ಲಿ ನನ್ನ ಮ್ಯಾನೇಜರ್, ನನಗಿಂತ ಚಿಕ್ಕವಳು, ಒಳ್ಳೆಯವಳು, "ಏನಾದ್ರೂ ತೊಂದರೆ ಇದ್ರೆ ಹೇಳಿ ಮ್ಯಾಮ್, ಆರೋಗ್ಯ ಸರಿ ಇದೆಯಲ್ಲ?" ಎಂದು ಕೇಳಿದಳು. ಅವಳಿಗಾದರೂ ಹೇಳಬಹುದಿತ್ತು. ಆದರೆ ನಮ್ಮ ಕೆಲಸದ ಲೈನಿನಲ್ಲಿ ಒಬ್ಬರಿಗೆ ಹೇಳಿದ್ದು ಹತ್ತು ಜನಕ್ಕೆ ಮುಟ್ಟುತ್ತದೆ, ಮದುವೆ ಪತ್ರಿಕೆ ಅಚ್ಚಾಗಿತ್ತು. "ಎಲ್ಲಾ ಸರಿ ಇದೆ" ಅಂದೆ. ಎಲ್ಲ ಸರಿ ಇರುವವಳು ಹೀಗೆ ಕೆಲಸ ಮಾಡಿದರೆ ಅವಳನ್ನು ಸೋಮಾರಿ ಎನ್ನದೆ ಇನ್ನೇನು ಅಂದಾರು? ಅಪ್ಪನಿಗೆ ಕುಡುಕ, ನನಗೆ ಸೋಮಾರಿ. ಮದುವೆಗೆ ಮುಂಚೆಯೇ ಕೆಲಸ ಹೋಯಿತು.

ಅದನ್ನೂ ಬಚ್ಚಿಟ್ಟೆವು. ಆಫೀಸಿನ ಲ್ಯಾಪ್‌ಟಾಪ್ ಕೊರಿಯರಿನಲ್ಲಿ ವಾಪಸು ಹೋಗಿತ್ತು. ಮನೆ ತುಂಬ ನೆಂಟರು, ನಾನು ನನ್ನದೇ ಹಳೆಯ ಲ್ಯಾಪ್‌ಟಾಪ್ ತೆರೆದು ಕಿಟಕಿ ಪಕ್ಕ ಕೂರುತ್ತಿದ್ದೆ. "ರಜಾನೇ ಕೊಡಲ್ವೇನೇ ನಿಮ್ಮೋರು?" ಎಂದು ದೊಡ್ಡಮ್ಮಂದಿರು ಮರುಗುತ್ತಿದ್ದರು. ಪರದೆಯ ಮೇಲೆ ನಾನು ತಿದ್ದಿದ ಎಡಿಟರ್ ಇತ್ತು. ಸುಮ್ಮನೆ ಏನಾದರೊಂದು ಪದ ಹುಡುಕುತ್ತಿದ್ದೆ. ಬಾಕ್ಸ್ ಕಣ್ಣಿನ ಕೆಳಗೇ ಬರುತ್ತಿತ್ತು, ಸಾಲು ಬಂದು ನಿಲ್ಲುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದೆ ಅದನ್ನು. ಮಾಡಲಿಕ್ಕೆ ಮಾತ್ರ ಕೆಲಸವಿರಲಿಲ್ಲ.

ಮದುವೆ ಬೇಲೂರಿನ ಛತ್ರದಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ಯಾರೂ ಏನೂ ಕೇಳಲಿಲ್ಲ. ತಾಳಿ ಬಿದ್ದ ಮಾರನೆಯ ದಿನ ಅಮ್ಮನಿಗೆ ಅವಳ ಮಾತನ್ನು ನೆನಪಿಸಿದೆ. ಹೂ ಬಿಡಿಸುತ್ತಿದ್ದವಳು ತಲೆ ಎತ್ತದೆ, "ಈಗ್ಲೇ ಬ್ಯಾಡ. ಹೊಸ ಮನೆ, ಅತ್ತೆ ಬಾಯಿ ಹೆಂಗೋ ಏನೋ. ಒಂದ್ ಮಗು ಆಗ್ಲಿ," ಅಂದಳು. ಮಗು ಆದಮೇಲೆ ಅದರ ಕಣ್ಣು ಚೆನ್ನಾಗಿದೆ ಎಂದು ಗೊತ್ತಾಗುವವರೆಗೆ, ಆಮೇಲೆ ಅದು ಸ್ಕೂಲಿಗೆ ಸೇರುವವರೆಗೆ. ಇದಕ್ಕೆ ಕೊನೆಯಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ಜಗಳವಾಡುವುದಕ್ಕೂ ಮನಸ್ಸು ಬರಲಿಲ್ಲ.

ಆ ವಾರ ಹೊಸ ಜೋಡಿಯ ಜೊತೆ ಹಳೇಬೀಡಿಗೆ ಹೋದೆವು. ತಂಗಿ, ಅವಳ ಗಂಡ, ಅಮ್ಮ, ನಾನು. ದೇವಸ್ಥಾನದ ಒಳಗೆ ಕತ್ತಲೆ, ಮೆಟ್ಟಿಲು, ಹೊಸ್ತಿಲು. ಕಾಲು ನೋವೆಂದು ಹೇಳಿ ನಾನು ಹೊರಗೆ ಹುಲ್ಲಿನ ಪಕ್ಕದ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ತಂಗಿಯ ಗಂಡ ಒಬ್ಬನೇ ಹೊರಗೆ ಬಂದ. ನಾನು ಬೆಚ್ಚದಿರಲೆಂದು ದೂರದಿಂದಲೇ "ಅಕ್ಕ, ನಾನು" ಎಂದು ಹೇಳಿ, ಸುತ್ತಿಬಂದು ನನ್ನ ಎದುರಿಗೇ ಕೂತ. ಪಕ್ಕಕ್ಕಲ್ಲ, ಸರಿಯಾಗಿ ಎದುರಿಗೆ. ನನ್ನನ್ನು ಬಲ್ಲವರು ಮಾತ್ರ ಹಾಗೆ ಕೂರುತ್ತಾರೆ.

"ನಿಮಗೊಂದು ಮಾತು ಹೇಳ್ಬೇಕಿತ್ತು ಅಕ್ಕ. ನಿಮ್ಮ ಸರ್ಚ್ ಬಾಕ್ಸ್ ಪ್ರಸ್ತಾಪ ಓದಿದ್ದೆ. ನಾನೂ ಅದೇ ಎಡಿಟರ್ ಬಳಸೋದು."

ನಾನು ಕೇಳಿದೆ: "ಯಾವಾಗ?"

"ನಿಮ್ಮ ಮನೆಗೆ ಬಂದು ಹೋದ ಮೇಲೆ. ಅವತ್ತು ಕಾಫಿ ಕೊಡುವಾಗಲೇ ನಮ್ಮ ಅಮ್ಮನಿಗೆ ಅನುಮಾನ ಬಂತು. ದಾರೀಲಿ ಹೇಳಿದ್ರು, ಆ ದೊಡ್ಡ ಹುಡುಗಿಗೆ ಪಕ್ಕದ್ದು ಕಾಣಲ್ಲ ಕಣೋ, ಪಾಪ, ಅಂತ. ಆಮೇಲೆ ನಿಮ್ಮ ಹೆಸರು ಹಾಕಿ ನೋಡಿದೆ, ಅದು ಸಿಕ್ತು. ಓದ್ತಿದ್ದ ಹಾಗೇ ಯಾಕೆ ಬರೆದಿದೀರಿ ಅಂತ ಗೊತ್ತಾಯ್ತು. ಡಾಕ್ಟರ್ ಹತ್ರನೂ ಕೇಳಿದ್ವಿ. ನಮಗೇನೂ ಅದರಿಂದ ಬೇಜಾರಿಲ್ಲ ಅಕ್ಕ. ಅಮ್ಮನೂ ಒಪ್ಪಿದ್ರು. ಒಪ್ಪಿಗೆ ಹೇಳಿ ಕಳಿಸಿದ್ದೇ ಅದಾದ ಮೇಲೆ."

ಅಂದರೆ ನಾನು "ಇಲ್ಲ" ಎಂದು ಬರೆಯುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು. ಯಾರಿಂದ ಮುಚ್ಚಿಡಲು ಕೆಲಸ ಕಳೆದುಕೊಂಡೆನೋ, ಅವರು ತಿಳಿದೇ ಒಪ್ಪಿದ್ದರು. ಕಣ್ಣೊರೆಸಿಕೊಂಡೆ.

"ಆ ಮೇಲ್ವಿಚಾರಕರು ಕೇಳಿದ್ರಲ್ಲ, ಅಂಥವರು ಯಾರಾದ್ರೂ ಗೊತ್ತಾ ಅಂತ. ಒಬ್ಬರು ಸಾಕು ಅಂದಿದ್ರು. ನೀವೊಂದು ಸಾಲು ಬರೀಬಹುದಿತ್ತು," ಎಂದೆ.

ಅವನು ತಲೆ ತಗ್ಗಿಸಿದ. "ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ನೀವೇ ಇಲ್ಲ ಅಂತ ಬರೆದ್ರಿ. ಹಿರಿಯರು ನೀವು, ನೀವು ಇಲ್ಲ ಅಂದ ಮೇಲೆ ನಾನು ಹೌದು ಅನ್ನೋದು ಹೇಗೆ? ನಿಮಗೆ ಹೇಳಿಕೊಳ್ಳೋಕೆ ಇಷ್ಟ ಇಲ್ಲವೇನೋ ಅಂದುಕೊಂಡೆ. ಸುಮ್ಮನಾದೆ."

ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಅವನು ಮರ್ಯಾದೆ ತೋರಿಸಿದ್ದ. ಮೇಲ್ವಿಚಾರಕರು, ಮ್ಯಾನೇಜರ್, ಇವನು, ಇವನ ತಾಯಿ, ಎಲ್ಲರೂ ನನಗೆ ಮರ್ಯಾದೆ ತೋರಿಸಿದ್ದರು. ಇಷ್ಟು ಮರ್ಯಾದಸ್ಥರ ನಡುವೆ ಒಬ್ಬಳು ಹೆಂಗಸು ಹಾಳಾಗಿ ಹೋಗಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಈಗ ಬರೆಯೋಣ ಅಕ್ಕ," ಅಂದ. "ಇಬ್ಬರೂ ಸೇರಿ ಬರೆಯೋಣ. ಮತ್ತೆ ತೆರೀತಾರೆ. ಆ ಕೆಲಸ ಹೋದ್ರೇನು, ಇನ್ನೊಂದು ಸಿಗುತ್ತೆ. ಈಗ ಯಾರಿಗೆ ಹೆದರಬೇಕು ಹೇಳಿ?"

ಕೆಲಸ ಹೋದದ್ದೂ ಅವನಿಗೆ ಗೊತ್ತಿತ್ತು, ತಂಗಿ ಹೇಳಿರಬೇಕು. ಹೌದು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದೇವಸ್ಥಾನದ ಕಡೆಯಿಂದ ಅಮ್ಮನ ಬಿರುಸು ಹೆಜ್ಜೆ ಕೇಳಿಸಿತು. ಅಳಿಯ ನನ್ನ ಎದುರು ಕೂತಿರುವುದನ್ನು, ನಾನು ಕಣ್ಣೊರೆಸಿಕೊಳ್ಳುವುದನ್ನು ದೂರದಿಂದಲೇ ನೋಡಿರಬೇಕು. ಬಂದವಳೇ ನಮ್ಮಿಬ್ಬರ ನಡುವೆ ನಿಂತಳು. ಮುಖ ಬಿಳಿಚಿಕೊಂಡಿತ್ತು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಅವಳ ಕಣ್ಗೆ ಏನೂ ಆಗಿಲ್ಲ ಕಣಪ್ಪಾ," ಅಂದಳು, ಯಾರೂ ಕೇಳದೆಯೇ. "ಬಿಸ್ಲು ಆಗಲ್ಲ ಅವಳಿಗೆ, ನೀರು ಬತ್ತದೆ ಅಷ್ಟೆಯ."

ಅವನು ಎದ್ದು ನಿಂತ. ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ.

"ಹೌದು ಅತ್ತೆ," ಅಂದ. "ಇವತ್ತು ಬಿಸಿಲು ಜಾಸ್ತಿನೇ."

ಅಮ್ಮ ನನ್ನ ಕಡೆ ತಿರುಗಿದಳು. ನಾನೂ ಹೌದೆಂದೆ.